ಕೇಳದೆ ತೆಗೆದುಕೊಂಡ ದನಿ

ಇಂದ್ರಾಣಿಗೆ ಜಪಾನಿ ಭಾಷೆಯ ಮೊದಲ ಅಕ್ಷರ ಕಲಿಸಿದವರು ಸೇತುರಾಮ. ಹತ್ತೊಂಬತ್ತು ವರ್ಷದ ಮೇಲೆ ಅವರು ಪಾಠ ಬಿಟ್ಟು ಮನೆಯಲ್ಲಿ ಕೂರುವಂತಾದದ್ದರಲ್ಲಿ ಅವಳ ಕೈಯೂ ಇತ್ತು. ‘ಕೈಯೂ’ ಎಂದೇ ಅವಳು ಬಹಳ ದಿನ ತನಗೆ ತಾನು ಹೇಳಿಕೊಂಡಳು, ಬೇರೆಯವರ ಕೈಯೂ ಇತ್ತಲ್ಲ ಎಂಬ ಸಮಾಧಾನಕ್ಕೆ. ಈಗ ಹಾಗೆ ಹೇಳಿಕೊಳ್ಳುವುದಿಲ್ಲ.

ಸೇತುರಾಮ ಹನುಮಂತನಗರದಲ್ಲೇ ಹುಟ್ಟಿ ಬೆಳೆದವರು. ಕೈಗಡಿಯಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಇಪ್ಪತ್ತೇಳನೇ ವಯಸ್ಸಿನಲ್ಲಿ ಕಾರ್ಖಾನೆಯವರು ತರಬೇತಿಗೆಂದು ಅವರನ್ನು ಹನ್ನೊಂದು ತಿಂಗಳು ಜಪಾನಿಗೆ ಕಳಿಸಿದರು. ಜೊತೆಗೆ ಹೋದವರು ಗಡಿಯಾರದ ಕೆಲಸ ಕಲಿತು ಬಂದರು. ಇವರು ಭಾಷೆಯನ್ನೂ ಕಲಿತು ಬಂದರು. ಅದು ಹೇಗಾಯಿತೆಂದು ಪ್ರತಿ ಹೊಸ ತರಗತಿಯ ಮೊದಲ ದಿನ ಹೇಳುತ್ತಿದ್ದರು.

"ಹೋಗಿ ಮೂರು ವಾರ ಆಗಿತ್ತು. ಒಂದು ಕನ್ನಡ ಮಾತು ಕಿವಿಗೆ ಬಿದ್ದಿರ್ಲಿಲ್ಲ. ಒಬ್ಬ ಮೇಸ್ತ್ರಿ ಮರದ ಕಡೆ ಕೈ ತೋರ್ಸಿ ‘ಕಿ ನೊ ಉಎ ನಿ ತೊರಿ ಗ ಇರು’ ಅಂದ. ಕಿ ಅಂದ್ರೆ ಮರ, ನೊ ಅಂದ್ರೆ ನಮ್ಮ ‘ದ’, ಉಎ ನಿ ಅಂದ್ರೆ ಮೇಲೆ, ತೊರಿ ಅಂದ್ರೆ ಹಕ್ಕಿ. ಮರದ ಮೇಲೆ ಹಕ್ಕಿ ಇದೆ. ಪದಗಳೆಲ್ಲ ನಮ್ಮ ಸಾಲಲ್ಲೇ ನಿಂತಿವೆ! ಕೊನೇಲಿ ‘ಇರು’ ಅಂದ್ರೆ ಇರು! ನಂಗೆ ಅಲ್ಲೇ ಕಣ್ಣಲ್ಲಿ ನೀರು ಬಂತು."

ಅವರ ಪಾಠದ ಗುಟ್ಟೇ ಅದು. ಇಂಗ್ಲಿಷಿನಲ್ಲಿ ವಿವರಿಸಲು ಹೋದರೆ ತಲೆಕೆಳಗಾಗುವ ಜಪಾನಿ ವಾಕ್ಯ ಕನ್ನಡದಲ್ಲಿ ನೆಟ್ಟಗೆ ನಿಲ್ಲುತ್ತದೆ ಎಂದು ಕಂಡುಕೊಂಡು, ಕನ್ನಡದ ಕೈಹಿಡಿಸಿಯೇ ಅವರು ಎಲ್ಲರನ್ನೂ ಆಚೆ ದಡಕ್ಕೆ ದಾಟಿಸುತ್ತಿದ್ದರು. ಪಾಠಕ್ಕೆ ಬೇಕಾದ ಚಿತ್ರಗಳನ್ನು ತಾವೇ ಬರೆಯುತ್ತಿದ್ದರು. ಹೆಂಡತಿ ಸೀತಮ್ಮ ಮನೆಗೆ ಬಂದ ಮದುವೆ ಕಾಗದಗಳನ್ನು ಎತ್ತಿಡುತ್ತಿದ್ದರು. ಅವುಗಳ ಖಾಲಿ ಬೆನ್ನಿಗೆ ಕಪ್ಪು ಶಾಯಿಯಲ್ಲಿ ಮರ, ಹಕ್ಕಿ, ರೈಲು, ಅಳುವ ಮಗು, ಮುರಿದ ಕೊಡೆ. ನಲವತ್ತು ವರ್ಷದಲ್ಲಿ ಸಾವಿರಕ್ಕೂ ಮಿಕ್ಕಿ ಚಿತ್ರಗಳಾಗಿದ್ದವು. ಹಲವು ಕಾಗದಗಳ ಮೂಲೆಯಲ್ಲಿ ಇನ್ನೂ ಅರಿಸಿನದ ಗುರುತಿತ್ತು.

ಕಾರ್ಖಾನೆಯಲ್ಲಿದ್ದಷ್ಟು ದಿನ ಸಂಜೆ ಹೊತ್ತು ಮನೆಯಲ್ಲೇ ಕಲಿಸುತ್ತಿದ್ದವರು ನಿವೃತ್ತಿಯಾದ ಮೇಲೆ ಜಯನಗರ ಐದನೇ ಬ್ಲಾಕಿನ ‘ವಾಗ್ದೀಪ’ ಎಂಬ ಭಾಷಾ ಕೇಂದ್ರದಲ್ಲಿ ಕಲಿಸತೊಡಗಿದರು. ಔಷಧದಂಗಡಿಯ ಮೇಲಿನ ಮಹಡಿ, ನಾಲ್ಕು ಕೋಣೆ. ಫ್ರೆಂಚ್, ಜರ್ಮನ್, ಜಪಾನಿ ತರಗತಿಗಳು. ಇಂದ್ರಾಣಿ ಡಿಗ್ರಿ ಮುಗಿಸಿ ಅಲ್ಲಿ ಅವರ ವಿದ್ಯಾರ್ಥಿನಿಯಾದಳು. ಮೂರು ವರ್ಷದಲ್ಲಿ ಅಲ್ಲೇ ಟೀಚರಾದಳು. ಮದುವೆಯಾಗಿ ಸಾರಕ್ಕಿಗೆ ಹೋದ ಮೇಲೂ ಆ ಕೆಲಸ ಬಿಡಲಿಲ್ಲ. ಅವಳಿಗೆ ಗೊತ್ತಿಲ್ಲದ್ದು ಬಂದಾಗ "ಸಾರ್‌ನ ಕೇಳಿ ಹೇಳ್ತೀನಿ" ಎನ್ನುವುದು, ಪಕ್ಕದ ಕೋಣೆಗೆ ಹೋಗಿ ಕೇಳಿ ಬರುವುದು. ಹದಿನಾರು ವರ್ಷ ಹೀಗೇ ನಡೆದಿತ್ತು.

ಕೇಂದ್ರವನ್ನು ಈಗ ನಡೆಸುವವನು ವಸಿಷ್ಠ, ಅದನ್ನು ಕಟ್ಟಿದವರ ಮಗ. ಕೆಟ್ಟವನಲ್ಲ. ಕೊರೊನಾ ಕಾಲದಲ್ಲಿ ಎಲ್ಲ ಮುಚ್ಚಿಹೋಗುವ ಸ್ಥಿತಿಯಲ್ಲಿ ಆನ್‌ಲೈನ್ ತರಗತಿ ಮಾಡಿಸಿ ಕೇಂದ್ರವನ್ನು ಉಳಿಸಿಕೊಂಡಿದ್ದ. ಅವನು ಪ್ರತಿ ಕೋಣೆಗೂ ದೊಡ್ಡ ಪರದೆ ಹಾಕಿಸಿ, ಜೂನ್ ಒಳಗೆ ಎಲ್ಲ ಪಾಠವೂ ಚಿತ್ರ, ಧ್ವನಿ, ವಿಡಿಯೊ ಸಮೇತ ಪಿಪಿಟಿ ಆಗಬೇಕೆಂದ. ಬೇರೆ ಟೀಚರುಗಳು ಹೇಗೋ ಮಾಡಿಕೊಂಡರು. ಸೇತುರಾಮರು ಮಾತ್ರ ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ಮೂಲೆಗೆ ಓಡಿಹೋಗುತ್ತಿತ್ತು.

"ನಾನು ಮಾಡ್ಕೊಡ್ತೀನಿ ಸಾರ್," ಎಂದಳು ಇಂದ್ರಾಣಿ. ಅದರಲ್ಲಿ ಆಗ ಯಾವ ಕಪಟವೂ ಇರಲಿಲ್ಲ. ಅದನ್ನು ಮಾತ್ರ ಅವಳು ಇವತ್ತಿಗೂ ಎದೆ ಮುಟ್ಟಿ ಹೇಳಬಲ್ಲಳು.

ಫೆಬ್ರವರಿಯಿಂದ ಪ್ರತಿ ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹನುಮಂತನಗರಕ್ಕೆ ಹೋಗುತ್ತಿದ್ದಳು. ನಡುಮನೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುವುದು. ಆಮೇಲೆ ಫ್ಯಾನ್ ಆರಿಸಿ, ಫೋನನ್ನು ಪುಸ್ತಕದ ಮೇಲಿಟ್ಟು, ಅವರ ಧ್ವನಿ ತುಂಬಿಕೊಳ್ಳುವುದು. ಪ್ರತಿ ವಾಕ್ಯವನ್ನೂ ಎರಡು ಸಲ ಹೇಳಬೇಕು, ಒಮ್ಮೆ ನಿಧಾನವಾಗಿ, ಒಮ್ಮೆ ಮಾತಿನ ವೇಗದಲ್ಲಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಮತ್ತೆ ಮೊದಲಿನಿಂದ. ಸೀತಮ್ಮ ಬಾಗಿಲಲ್ಲಿ ನಿಂತು, "ಮೊದ್ಲು ಕಾಫಿ ಕುಡಿ ಇಂದ್ರಾಣಿ. ಇವ್ರಿಗೆ ಶುರು ಮಾಡಿದ್ರೆ ಹೊತ್ತು ಗೊತ್ತಾಗಲ್ಲ," ಎನ್ನುತ್ತಿದ್ದರು.

ಮೊದಲ ಪಾಠ ಸಿದ್ಧವಾದ ದಿನ ಇಂದ್ರಾಣಿ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, "ಈ ಬಟನ್ ಒತ್ತಿ ಸಾರ್," ಎಂದಳು. ಒತ್ತಿದರು. ಪರದೆಯ ಎಡಗಡೆಯಿಂದ ಅವರು ಬರೆದ ಹಕ್ಕಿ ಹಾರಿ ಬಂದು ಅವರು ಬರೆದ ಮರದ ಮೇಲೆ ಕೂತಿತು. ಅವರದೇ ದನಿ ‘ಕಿ ನೊ ಉಎ ನಿ ತೊರಿ ಗ ಇರು’ ಎಂದಿತು. ಮತ್ತೆ ಒತ್ತಿದರು. ಮತ್ತೆ. ಸೀತಮ್ಮನನ್ನು ಕೂಗಿ ಕರೆದು ಅವರ ಕೈಯಲ್ಲೂ ಒತ್ತಿಸಿದರು.

"ಪಾಪ, ನಲವತ್ತು ವರ್ಷದಿಂದ ಅಲ್ಲೇ ಕೂತಿತ್ತು ಕಣೇ," ಎಂದರು.

ಏಪ್ರಿಲ್ ಮೂರನೇ ವಾರ ವಸಿಷ್ಠ ಅವಳನ್ನು ಕೋಣೆಗೆ ಕರೆಸಿದ. ಅಷ್ಟು ಹೊತ್ತಿಗೆ ನಲವತ್ತೊಂದು ಪಾಠ ಮುಗಿದಿತ್ತು, ಇಪ್ಪತ್ತಮೂರು ಉಳಿದಿತ್ತು. ಮುಗಿದದ್ದನ್ನು ಅವನು ಮನೆಗೆ ಒಯ್ದು ನೋಡಿದ್ದ.

"ಸಖತ್ತಾಗಿದೆ ಮೇಡಂ. ಸಾರ್ ವಾಯ್ಸ್ ಅಂತೂ ರೇಡಿಯೋ ಥರ ಇದೆ. ಬೇಗ ಮುಗ್ಸಿ. ಜೂನ್ ಬ್ಯಾಚಿಂದ ಇದನ್ನೇ ಓಡ್ಸೋಣ. ಕ್ಲಾಸಲ್ಲಿ ಯಾರಾದ್ರೂ ಹೊಸ ಟೀಚರ್ ಇದ್ರೂ ಸಾಕು. ನೀವು ಜಪಾನೀಸ್ ಕೋಆರ್ಡಿನೇಟರ್ ಆಗಿ."

"ಮತ್ತೆ ನಮ್ಮ ಸಾರ್?"

"ಸಾರ್‌ಗೆ ಎಪ್ಪತ್ತೇಳಾಯ್ತಲ್ಲ ಮೇಡಂ. ಮೆಟ್ಲು ಹತ್ತಕ್ಕೆ ಎಷ್ಟು ಕಷ್ಟಪಡ್ತಾರೆ, ನೀವೇ ನೋಡಿದೀರ. ಗೌರವವಾಗಿ ಕಳ್ಸೋಣ. ಆದ್ರೆ ಈಗ್ಲೇ ಅವ್ರಿಗೆ ಹೇಳ್ಬೇಡಿ. ಮನಸ್ಸಿಗೆ ಹಚ್ಕೊಂಡು ರೆಕಾರ್ಡಿಂಗ್ ನಿಲ್ಲಿಸ್ಬಿಟ್ರೆ ಎಲ್ಲಾ ಅರ್ಧಕ್ಕೆ ನಿಂತೋಗುತ್ತೆ. ಮುಗೀಲಿ, ಆಮೇಲೆ ನಾನೇ ಹೇಳ್ತೀನಿ." ಅವಳು ಏಳುವಾಗ ಇನ್ನೊಂದು ಮಾತು ಸೇರಿಸಿದ. "ಮಧ್ಯ ಮಧ್ಯ ಕನ್ನಡದಲ್ಲಿ ಏನೋ ಹೇಳ್ತಾರಲ್ಲ, ಅದನ್ನ ತೆಗ್ದು ಇಂಗ್ಲಿಷ್ ಹಾಕ್ಬಿಡಿ. ಪುಣೆ, ಚೆನ್ನೈಯವ್ರಿಗೂ ಆನ್‌ಲೈನಲ್ಲಿ ಕೊಡ್ಬಹುದು."

ಇಂದ್ರಾಣಿ "ಆಯ್ತು ಸಾರ್," ಎಂದಳು. ಹದಿನಾರು ವರ್ಷ ಗಂಟೆ ಲೆಕ್ಕದ ಟೀಚರಾಗಿಯೇ ಇದ್ದವಳಿಗೆ ಕೋಆರ್ಡಿನೇಟರ್ ಎಂಬ ಮಾತು ಕಿವಿಯಲ್ಲೇ ನಿಂತಿತು. ಮನೆಯಲ್ಲಿ ಗಂಡ ಶಿವರಾಜ್‌ಗೆ ಹೇಳಿದಳು. ಅವನು ಪೇಪರಿನಿಂದ ತಲೆ ಎತ್ತಿ, "ನೀನು ಬೇಡ ಅಂದಿದ್ರೆ ಬೇರೆ ಯಾರ ಕೈಲಾದ್ರೂ ಮಾಡಿಸ್ತಿದ್ರು, ಬಿಡು," ಎಂದ. ಅವಳಿಗೆ ಬೇಕಾಗಿದ್ದ ಮಾತು ಅದೇ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅದಾದ ಮೇಲೆ ಐದು ಶನಿವಾರ ಅವಳು ಆ ಮನೆಗೆ ಹೋದಳು. ಅದೇ ನಡುಮನೆ, ಅದೇ ಕಾಫಿ. ಸೇತುರಾಮರು ಮುಂದಿನ ವರ್ಷದ ಮಾತಾಡುತ್ತಿದ್ದರು. "ಇದು ಮುಗಿದ್ರೆ ನಂಗೆ ಕ್ಲಾಸಲ್ಲಿ ಬರೆಯೋ ಕೆಲಸ ತಪ್ಪುತ್ತೆ. ಆ ಹೊತ್ತಲ್ಲಿ ಮಕ್ಕಳ ಕೈಲಿ ಇನ್ನೂ ಸ್ವಲ್ಪ ಮಾತಾಡಿಸ್ಬಹುದು." ಇಂದ್ರಾಣಿ "ಹೂಂ ಸಾರ್" ಎನ್ನುತ್ತಿದ್ದಳು. ಹೇಳಿಬಿಡಬೇಕೆಂದು ಪ್ರತಿ ಸಲ ಗೇಟು ತೆಗೆಯುವಾಗ ಅಂದುಕೊಳ್ಳುವಳು. ಗೇಟು ಹಾಕಿಕೊಂಡು ಬರುವಾಗ, ಮುಂದಿನ ವಾರ, ಎಂದುಕೊಳ್ಳುವಳು.

ನಾಲ್ಕನೇ ಶನಿವಾರ ಅವರಿಗೆ ಗಂಟಲು ಕಟ್ಟಿತ್ತು. ಸೀತಮ್ಮ, "ಇವತ್ತು ಬೇಡ ಬಿಡಿ," ಎಂದರು. ಕೇಂದ್ರದಿಂದ ಅವಸರ ಮಾಡುತ್ತಿದ್ದರು. ನಿಲ್ಲಿಸೋಣ ಎನ್ನುವ ಬದಲು ಇಂದ್ರಾಣಿ ತಾನೇ ಅಡುಗೆಮನೆಗೆ ಹೋಗಿ ಮೆಣಸು ಹಾಕಿ ನೀರು ಕಾಯಿಸಿ ತಂದುಕೊಟ್ಟಳು. ಗುಟುಕು ಗುಟುಕಾಗಿ ಕುಡಿಯುತ್ತ ಅವರು ನಲವತ್ತು ವಾಕ್ಯ ಹೇಳಿದರು. ಅವತ್ತಿನ ಪಾಠ ‘ಶಿತೆ ಶಿಮತ್ತ’.

"‘ಮಾಡಿದೆ’ ಬೇರೆ, ‘ಮಾಡಿಬಿಟ್ಟೆ’ ಬೇರೆ," ಎಂದು ಫೋನಿಗೆ ಹೇಳಿದರು, ಎದುರಿಗೆ ವಿದ್ಯಾರ್ಥಿಗಳೇ ಕೂತಿರುವಂತೆ. "ಮಾಡಿಬಿಟ್ಟೆ ಅಂದ್ರೆ ಮುಗೀತು, ಇನ್ನು ವಾಪಸ್ ತಗೊಳ್ಳಕ್ಕಾಗಲ್ಲ. ಒಂದೊಂದ್ಸಲ ಅದರಲ್ಲಿ ಅಯ್ಯೋ ಅನ್ನೋ ಸಂಕಟಾನೂ ಇರುತ್ತೆ. ಕನ್ನಡದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ."

ಇಂದ್ರಾಣಿ ತಲೆ ಎತ್ತದೆ ಫೋನಿನ ಕೆಂಪು ಚುಕ್ಕೆಯನ್ನೇ ನೋಡುತ್ತ ಕೂತಿದ್ದಳು. ಭಾನುವಾರ ಮನೆಯಲ್ಲಿ ಕೂತು ಅಷ್ಟು ಭಾಗವನ್ನು ಕತ್ತರಿಸಿದಳು. ಹಾಗೆಯೇ ಹಿಂದಿನ ಎಲ್ಲ ಪಾಠಗಳಿಂದಲೂ ಕನ್ನಡವನ್ನು ತೆಗೆದು, ಆ ಜಾಗದಲ್ಲಿ ಎರಡೆರಡು ಸಾಲು ಇಂಗ್ಲಿಷ್ ಅಕ್ಷರ ಕೂರಿಸಿದಳು. ಮದುವೆ ಕಾಗದದ ಅರಿಸಿನದ ಗುರುತುಗಳನ್ನೂ ಅಳಿಸಿದಳು. ಪರದೆಯ ಮೇಲೆ ಎಲ್ಲ ಬೆಳ್ಳಗೆ, ಚೊಕ್ಕವಾಗಿ ಕಂಡಿತು. ಕತ್ತರಿಸದ ಧ್ವನಿ ಮಾತ್ರ ಅವಳ ಫೋನಿನಲ್ಲಿ ಉಳಿಯಿತು. ಏಕೆ ಉಳಿಸಿಕೊಂಡಳೆಂದು ಅವಳಿಗೆ ಆಗ ತಿಳಿದಿರಲಿಲ್ಲ.

ಜೂನ್ ಮೊದಲ ಭಾನುವಾರ ಕೇಂದ್ರದಲ್ಲಿ ಸಮಾರಂಭ. ಹೊಸ ಪಾಠಗಳನ್ನು ಎಲ್ಲರಿಗೂ ತೋರಿಸುತ್ತಾರೆಂದು ಸೇತುರಾಮರು ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ ಹಾಕಿಕೊಂಡು, ಸೀತಮ್ಮನನ್ನೂ ಕರೆದುಕೊಂಡು ಬಂದಿದ್ದರು. ವಸಿಷ್ಠ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟ. ನಂತರ ಮೈಕಿನಲ್ಲಿ, "ನಮ್ಮ ಸೆನ್ಸೇ ಇನ್ನು ಮೇಲೆ ವಿಶ್ರಾಂತಿ ತಗೋತಾರೆ. ಆದ್ರೆ ಅವರ ದನಿ ಈ ಕೋಣೆಗಳಲ್ಲಿ ಯಾವಾಗ್ಲೂ ಇರುತ್ತೆ," ಎಂದ. ಸೆನ್ಸೇ ಎಂದರೆ ಜಪಾನಿಯಲ್ಲಿ ಗುರುಗಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸೇತುರಾಮರಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪೇಟ ಸರಿಮಾಡಿಕೊಳ್ಳುವವರಂತೆ ಕೈ ಮೇಲೆತ್ತಿ ಹಾಗೇ ನಿಂತರು. ಸೀತಮ್ಮ ಗಂಡನ ಮುಖ ನೋಡಿದರು. ಮೈಕ್ ಕೈಗೆ ಬಂದಾಗ ಸೇತುರಾಮರು ಹೇಳಿದ್ದು ಎರಡೇ ಮಾತು. "ಎಲ್ರಿಗೂ ನಮಸ್ಕಾರ. ಇದನ್ನೆಲ್ಲ ಮಾಡಿದ್ದು ನಮ್ಮ ಇಂದ್ರಾಣಿ, ಅವಳಿಗೆ ಒಳ್ಳೇದಾಗ್ಲಿ."

ಮೆಟ್ಟಿಲಿಳಿಯುವಾಗ ಅವಳು ಹಣ್ಣಿನ ಬುಟ್ಟಿ ಹಿಡಿದು ಹಿಂದೆ ಬಂದಳು. ಅವರು ಕಂಬಿ ಹಿಡಿದು ನಿಂತು, "ನಾಳೆ ಬ್ಯಾಚಿಗೆ ಯಾರು?" ಎಂದು ಕೇಳಿದರು.

"ನಾನೇ ಸಾರ್. ಸ್ಲೈಡ್ ಇದೆಯಲ್ಲ."

"ಹೌದಲ್ಲ," ಎಂದರು. "ನಾನೇ ಇದೀನಲ್ಲ ಅದರೊಳಗೆ." ಆಟೊ ಹತ್ತಿ ಹೋದರು.

ಆ ಜೂನ್ ಬ್ಯಾಚಿಗೆ ಸೇರಿದವರಲ್ಲಿ ರಾಜಶ್ರೀ ಎಂಬ ಹುಡುಗಿ ಇದ್ದಳು. ಜಮಖಂಡಿ ಕಡೆಯವಳು. ಆಸ್ಪತ್ರೆಯೊಂದರಲ್ಲಿ ನರ್ಸ್, ಬಿಟಿಎಮ್‌ನಲ್ಲಿ ಇಬ್ಬರು ಗೆಳತಿಯರ ಜೊತೆ ಒಂದು ಕೋಣೆ. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದರೆ ಎನ್-ಫೋರ್ ಎಂಬ ಭಾಷಾ ಪರೀಕ್ಷೆ ಪಾಸಾಗಬೇಕು. ಅದಕ್ಕಾಗಿ ವಾರಕ್ಕೆ ಮೂರು ಸಂಜೆ ಡ್ಯೂಟಿ ಮುಗಿಸಿ ಬರುತ್ತಿದ್ದಳು.

ಎರಡನೇ ವಾರ ಅವಳು ಕೇಳಿದಳು. "ಮೇಡಂ, ಈ ಅಜ್ಜಾರ ದನಿ ಎಷ್ಟ್ ಚಲೋ ಐತ್ರಿ. ಯಾರವ್ರು?"

"ನಮ್ಮ ಸಾರ್. ನಂಗೂ ಅವ್ರೇ ಕಲಿಸಿದ್ದು."

"ಅಯ್ಯೋ, ತೀರ್ಕೊಂಡ್ರೇನ್ರಿ?"

"ಇಲ್ಲ ಇಲ್ಲ! ಇಲ್ಲೇ ಹನುಮಂತನಗರದಲ್ಲಿದಾರೆ."

"ಹಂಗಾದ್ರ ಯಾಕ್ ಬರೂದಿಲ್ರಿ?"

ಹದಿನಾಲ್ಕು ಜನ ಉತ್ತರಕ್ಕೆ ಕಾದರು. ಇಂದ್ರಾಣಿ ಮುಂದಿನ ಸ್ಲೈಡ್ ಒತ್ತಿದಳು.

ಮೊದಲು ಎಲ್ಲರಿಗೂ ಚಿತ್ರ, ಧ್ವನಿ ಎಲ್ಲ ಹಿಡಿಸಿತು. ಆದರೆ ಪಾಠ ಕಷ್ಟವಾದಂತೆ ತೊಡಕು ಶುರುವಾಯಿತು. ರಾಜಶ್ರೀ ಪುಸ್ತಕದ ತುಂಬ ಬರೆದುಕೊಳ್ಳುವಳು, ಆದರೂ ಪರೀಕ್ಷೆ ಇಟ್ಟಾಗ ತಪ್ಪು ಬರೆಯುವಳು. ಆಗಸ್ಟ್ ಕೊನೆಯ ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದು ನಿಂತಳು.

"ನಾ ನಾಳಿಂದ ಬರೂದಿಲ್ರಿ ಮೇಡಂ. ಇಂಗ್ಲೀಷನ್ಯಾಗ ಬರದದ್ದು ನಂಗ ತಿಳಿವಲ್ದು. ಬಟನ್ ಒತ್ತಿದ್ರ ಅಜ್ಜಾರು ಹೇಳಿದ್ದನ್ನ ಮತ್ತ ಹೇಳ್ತಾರು. ನಾ ಕೇಳಿದ್ದಕ್ಕ ಹೇಳೂದಿಲ್ಲಲ್ರಿ."

ಇಂದ್ರಾಣಿ ಪರದೆ ಆರಿಸಿದಳು. ಆಮೇಲೆ ಚೀಲದಿಂದ ಫೋನ್ ತೆಗೆದು, ಕತ್ತರಿಸದ ಧ್ವನಿಗಳಲ್ಲಿ ಹುಡುಕಿ ಒಂದನ್ನು ಹಾಕಿದಳು. ಖಾಲಿ ಕೋಣೆಯಲ್ಲಿ ಸೇತುರಾಮರು ಕನ್ನಡದಲ್ಲಿ ಮಾತಾಡತೊಡಗಿದರು.

"‘ತಬೆತೆ ಮಿರು’. ತಬೆತೆ ಅಂದ್ರೆ ತಿಂದು, ಮಿರು ಅಂದ್ರೆ ನೋಡು. ತಿಂದು ನೋಡು! ಕಣ್ಣಿಂದ ನೋಡೋದಾ? ಅಲ್ಲ. ನಿಮ್ಮಮ್ಮ ಉಪ್ಪಿನಕಾಯಿ ಹಾಕ್ದಾಗ ‘ಸ್ವಲ್ಪ ತಿಂದು ನೋಡು’ ಅಂತಾರಲ್ಲ, ಅದೇ ನೋಡು ಇದು. ಹೋಗಿ ನೋಡು, ಕೇಳಿ ನೋಡು, ಬರೆದು ನೋಡು, ಎಲ್ಲಾ ‘ಮಿರು’."

ರಾಜಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇಷ್ಟೇನ್ರೀ ಇದು! ನಮ್ಮವ್ವ ದಿನಾ ಅಂತಾಳ್ರಿ!" ಅಲ್ಲೇ ಕೂತು ಒಂದಾದ ಮೇಲೊಂದು ಆರು ವಾಕ್ಯ ತಾನೇ ಕಟ್ಟಿದಳು. ಆರೂ ಸರಿ ಇದ್ದವು. ಅಷ್ಟಾದ ಮೇಲೆ ಮುಖ ಎತ್ತಿ, "ಇಷ್ಟ್ ಚಲೋ ಹೇಳ್ಯಾರ. ಇದನ್ಯಾಕ ತಗದ್ರಿ ಮೇಡಂ?" ಎಂದಳು. ಅವಳ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ, ಬರೀ ಆಶ್ಚರ್ಯವಿತ್ತು. ಅದನ್ನೇ ಇಂದ್ರಾಣಿಗೆ ತಾಳಿಕೊಳ್ಳಲಾಗಲಿಲ್ಲ.

ಸಮಾರಂಭದ ನಂತರ ಅವಳು ಸೇತುರಾಮರ ಮನೆಗೆ ಕಾಲಿಟ್ಟಿರಲಿಲ್ಲ. ಜುಲೈನಲ್ಲಿ ಒಮ್ಮೆ ಕುಮಾರಸ್ವಾಮಿ ಗುಡ್ಡದ ಕೆಳಗೆ ಅವರು ಸೊಪ್ಪಿನ ಚೀಲ ಹಿಡಿದು ನಿಧಾನವಾಗಿ ನಡೆದು ಬರುತ್ತಿರುವುದು ಕಂಡು, ಸ್ಕೂಟರನ್ನು ಪಕ್ಕದ ಅಡ್ಡರಸ್ತೆಗೆ ತಿರುಗಿಸಿಬಿಟ್ಟಿದ್ದಳು. ಕನ್ನಡಿಯಲ್ಲಿ ನೋಡಿದಾಗ ಅವರು ನಿಂತು ಇತ್ತಲೇ ನೋಡುತ್ತಿದ್ದಂತೆ ತೋರಿತ್ತು. ಗುರುತು ಸಿಕ್ಕಿತೋ ಇಲ್ಲವೋ ಎಂಬ ಯೋಚನೆ ವಾರಗಟ್ಟಲೆ ಅವಳನ್ನು ಬಿಟ್ಟಿರಲಿಲ್ಲ.

ರಾಜಶ್ರೀಯ ಮಾತು ಕೇಳಿದ ನಂತರದ ಶನಿವಾರ ಅವಳು ಹೋದಳು. ಸೀತಮ್ಮ ಬಾಗಿಲು ತೆಗೆದು, "ಬಾ," ಎಂದಷ್ಟೇ ಹೇಳಿ ಒಳಗೆ ಹೋದರು. ಸೇತುರಾಮರು ನಡುಮನೆಯಲ್ಲಿ ಕಡ್ಲೆಕಾಯಿ ಬಿಡಿಸುತ್ತ ಕೂತಿದ್ದರು.

"ಏನೇ, ದಾರಿ ಮರ್ತುಹೋಗಿತ್ತಾ?"

ಇಂದ್ರಾಣಿ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. "ಸಾರ್, ನಿಮ್ಮನ್ನ ಬಿಡಿಸ್ತಾರೆ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತು," ಎಂದಳು.

ಕೈಯಲ್ಲಿದ್ದ ಕಡ್ಲೆಕಾಯಿ ಹಾಗೇ ಉಳಿಯಿತು. "ಯಾವತ್ತಿಂದ?"

"ಏಪ್ರಿಲ್ ಮೂರನೇ ವಾರದಿಂದ."

ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಅಂದ್ರೆ ಗಂಟಲು ಕಟ್ಟಿತ್ತಲ್ಲ, ಅವತ್ತು?"

"ಹೂಂ ಸಾರ್. ಅವತ್ತೂ ಗೊತ್ತಿತ್ತು."

"ಮೆಣಸಿನ ನೀರು ನೀನೇ ಕಾಸಿಕೊಟ್ಟೆ."

"ಹೂಂ ಸಾರ್."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇಂದ್ರಾಣಿ ಬಿಡಲಿಲ್ಲ, ಉಳಿದದ್ದನ್ನೂ ಹೇಳಿದಳು. ಕನ್ನಡವನ್ನೆಲ್ಲ ಕತ್ತರಿಸಿದ್ದು. ಕೋಆರ್ಡಿನೇಟರ್ ಆಗಿದ್ದು. ಸ್ಕೂಟರ್ ತಿರುಗಿಸಿದ್ದು. ಶಿವರಾಜ್ ಹೇಳಿದ ಮಾತನ್ನಾಗಲಿ, ವಸಿಷ್ಠ ಬೇಡವೆಂದದ್ದನ್ನಾಗಲಿ ಅವಳು ಬಾಯಿಗೆ ತರಲಿಲ್ಲ. ತರಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಸೇತುರಾಮರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಒಂದು ಪಾಠ ತೋರ್ಸು," ಎಂದರು. ಅವಳು ಫೋನಿನಲ್ಲಿ ಹಾಕಿದಳು. ಪೂರ್ತಿ ನೋಡಿದರು.

"ಬಾಯಿ ಇದೆ, ನಾಲಗೆ ಇಲ್ಲ," ಎಂದು ಫೋನ್ ವಾಪಸು ಕೊಟ್ಟರು. ಇನ್ನೊಂದು ಕಡ್ಲೆಕಾಯಿ ಎತ್ತಿಕೊಂಡರು. "ವಯಸ್ಸಾಯ್ತು, ಬಿಡಿಸಿದ್ರು, ಅದಕ್ಕೇನೂ ಅಲ್ಲ. ಆ ಮೆಟ್ಲು ನಂಗೂ ಸಾಕಾಗಿತ್ತು. ಕೇಳಿದ್ರೆ ಎಲ್ಲಾ ಕೊಡ್ತಿದ್ದೆ. ಕೈಯಾರೆ ಕೊಡ್ತಿದ್ದೆ. ಕೇಳ್ದೆ ತಗೊಂಡ್ರಲ್ಲ ನೀವು."

‘ನೀವು’ ಎಂದರೆ ಕೇಂದ್ರದವರೆಲ್ಲ ಎಂದು ಇಂದ್ರಾಣಿ ಮೊದಲು ತಿಳಿದಳು. ಅವಳು ಹೊರಡಲು ತಿರುಗಿದಾಗ ಅವರು, "ಕಾಫಿ ಕುಡಿದು ಹೋಗಿ," ಎಂದರು. ಹತ್ತೊಂಬತ್ತು ವರ್ಷ ಏನೇ, ಬಾರೇ ಎನ್ನುತ್ತಿದ್ದವರು. ಸೀತಮ್ಮ ತಂದ ಕಾಫಿಯನ್ನು ಅವಳು ಅರ್ಧಕ್ಕೇ ಇಟ್ಟು ಹೊರಟಳು.

ಸೋಮವಾರ ಅವಳು ವಸಿಷ್ಠನ ಕೋಣೆಗೆ ಹೋಗಿ, ಪ್ರತಿ ಪಾಠದ ಮೊದಲಿಗೂ ಸೇತುರಾಮರ ಹೆಸರು ಹಾಕಬೇಕು, ಬೆಂಗಳೂರಿನ ಬ್ಯಾಚುಗಳಿಗೆ ಕನ್ನಡವನ್ನು ವಾಪಸು ಸೇರಿಸಬೇಕು, ಸಾರ್‌ನ ವಾರಕ್ಕೊಂದು ದಿನವಾದರೂ ಕರೆಯಬೇಕು, ನನಗೆ ಕೋಆರ್ಡಿನೇಟರ್ ಕೆಲಸ ಬೇಡ, ಎಂದಳು. ಅವನು ಪೆನ್ನು ಕೆಳಗಿಟ್ಟು ಕೇಳಿದ.

"ಹೆಸರು ಹಾಕಕ್ಕೇನು, ಹಾಕಿ. ನಂಗೆ ಹೊಳೀಲೇ ಇಲ್ಲ ನೋಡಿ," ಎಂದ. ಕನ್ನಡದ ಮಾತಿಗೆ ಮಾತ್ರ ಒಪ್ಪಲಿಲ್ಲ. ರಾಜಶ್ರೀ ಮತ್ತೆ ಆರು ಜನ ಸೇರಿ ಅವನ ಕೋಣೆಗೆ ಹೋಗಿ, "ನಮಗ ಕನ್ನಡದಾಗ ಹೇಳಿದ್ರ ಬರ್ತೀವ್ರಿ, ಇಲ್ಲಾಂದ್ರ ಇಲ್ಲ," ಎಂದ ಮೇಲೆ ಒಪ್ಪಿದ. ಇಂದ್ರಾಣಿ ಎರಡು ತಿಂಗಳು ಕೂತು, ತಾನು ಕತ್ತರಿಸಿದ್ದನ್ನೆಲ್ಲ ಒಂದೊಂದೇ ತುಣುಕಾಗಿ ಮತ್ತೆ ಅದರದರ ಜಾಗಕ್ಕೆ ಸೇರಿಸಿದಳು. ಕೋಆರ್ಡಿನೇಟರ್ ಕೆಲಸ ಅರ್ಪಿತ ಎಂಬ ಹೊಸ ಟೀಚರಿಗೆ ಹೋಯಿತು. ಇಂದ್ರಾಣಿ ಮೊದಲಿನಂತೆ ಗಂಟೆ ಲೆಕ್ಕದವಳಾದಳು.

ವಾರಕ್ಕೊಂದು ದಿನ ಬನ್ನಿ ಎಂದು ವಸಿಷ್ಠ ತಾನೇ ಫೋನ್ ಮಾಡಿದಾಗ ಸೇತುರಾಮರು, "ಪೇಟ ಹಾಕಿಸಿಕೊಂಡು ಬಂದಾಯ್ತಲ್ಲಪ್ಪ," ಎಂದರಂತೆ. ಹೋಗಲಿಲ್ಲ.

ಆದರೆ ರಾಜಶ್ರೀ ಸುಮ್ಮನಿರಲಿಲ್ಲ. ಇಂದ್ರಾಣಿಯಿಂದ ವಿಳಾಸ ತೆಗೆದುಕೊಂಡು, ಕೋಣೆಯ ಗೆಳತಿಯರಿಬ್ಬರನ್ನೂ ಕರೆದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹನುಮಂತನಗರಕ್ಕೆ ಹೋಗಿಬಿಟ್ಟಳು. ಬಾಗಿಲಲ್ಲೇ ನಿಂತು, "ಅಜ್ಜಾರ, ನಿಮ್ಮ ದನಿ ಮೂರು ತಿಂಗಳಿಂದ ಕೇಳಾಕತ್ತೀನ್ರಿ. ಮಾರಿ ನೋಡ್ಬೇಕಂತ ಬಂದೆ," ಎಂದಳಂತೆ. ಅವತ್ತು ಮಧ್ಯಾಹ್ನದ ಊಟ ಅಲ್ಲೇ ಆಯಿತು. ಮುಂದಿನ ಭಾನುವಾರದಿಂದ ಪಾಠ. ಬರಬರುತ್ತ ಬೇರೆ ಹುಡುಗಿಯರೂ ಸೇರಿಕೊಂಡರು.

ಇದನ್ನೆಲ್ಲ ರಾಜಶ್ರೀಯಿಂದಲೇ ಇಂದ್ರಾಣಿ ಕೇಳಿ ತಿಳಿದಳು. ಅಲ್ಲಿಗೆ ಬಾ ಎಂದು ಅವಳನ್ನು ಯಾರೂ ಕರೆಯಲಿಲ್ಲ. ಪಾಠದ ಸಂಶಯಗಳಿಗೆ ಅವಳು ಫೋನ್ ಮಾಡಿದರೆ ಸೇತುರಾಮರು ವ್ಯಾಕರಣವನ್ನು ಮೊದಲಿನಷ್ಟೇ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ವ್ಯಾಕರಣ ಮುಗಿದ ಮೇಲೆ "ಸರಿ, ಇಡ್ತೀನಿ," ಎನ್ನುತ್ತಿದ್ದರು.

ರಾಜಶ್ರೀ ಡಿಸೆಂಬರಿನಲ್ಲಿ ಪರೀಕ್ಷೆ ಬರೆದು ಪಾಸಾದಳು. ಏಪ್ರಿಲ್‌ನಲ್ಲಿ ಹೊರಟುಹೋದಳು. ಹೋಗುವ ಮುಂಚೆ ಕೇಂದ್ರಕ್ಕೆ ಕರದಂಟು ತಂದು ಕೊಟ್ಟು, ಇಂದ್ರಾಣಿಯ ಕಾಲಿಗೆ ನಮಸ್ಕಾರ ಮಾಡಿದಳು. "ನೀವು ಅವತ್ತ ಫೋನ್ ಹಚ್ಚಿ ಕೇಳಸ್ದಿದ್ರ ನಾ ಬಿಟ್ಟ ಬಿಡಾಕಿರಿ," ಎಂದಳು. ಇಂದ್ರಾಣಿ ಅವಳನ್ನು ಹಿಡಿದು ಎಬ್ಬಿಸಿದಳು. ಆ ನಮಸ್ಕಾರ ತನಗೆ ಸಲ್ಲತಕ್ಕದ್ದಲ್ಲ ಎಂಬುದು ಹುಡುಗಿಗೆ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಸೀತಮ್ಮನಿಗೆ ಕಣ್ಣಿನ ಪೊರೆಯ ಆಪರೇಶನ್ ನಿಗದಿಯಾಯಿತು. ಹಿಂದಿನ ದಿನ ಸೇತುರಾಮರೇ ಫೋನ್ ಮಾಡಿದರು.

"ನಾಳೆ ಭಾನುವಾರ ನಾವು ಆಸ್ಪತ್ರೇಲಿರ್ತೀವಿ. ಆರು ಜನ ಹುಡುಗೀರು ಎಲ್ಲೆಲ್ಲಿಂದಲೋ ಬರ್ತಾರೆ, ವಾಪಸ್ ಕಳಿಸಕ್ಕೆ ಮನಸ್ಸಿಲ್ಲ. ನಿಮಗೆ ಬಿಡುವಿದ್ರೆ..."

"ಇದೆ ಸಾರ್," ಎಂದಳು ಇಂದ್ರಾಣಿ. ಅವರ ಮಾತು ಮುಗಿಯುವ ಮುಂಚೆಯೇ ಹೇಳಿದ್ದಳು.

ಪಕ್ಕದ ಮನೆಯವರಿಂದ ಬೀಗದ ಕೈ ಇಸಿದುಕೊಂಡು ಹೋಗಿ ಪಾಠ ಮಾಡಿದಳು. ಲ್ಯಾಪ್‌ಟಾಪ್ ಒಯ್ದಿರಲಿಲ್ಲ. ಗೋಡೆಗೆ ಒರಗಿಸಿದ ಸಣ್ಣ ಕರಿಹಲಗೆಯ ಮೇಲೆ ಬರೆದು ಬರೆದು ಹೇಳಿಕೊಟ್ಟಳು. ಆದರೆ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕೇಳಿದ ಒಂದು ಪ್ರಶ್ನೆಗೆ ತಡವರಿಸಿ, ತಪ್ಪು ಉದಾಹರಣೆ ಕೊಟ್ಟುಬಿಟ್ಟಳು. ಅದು ತಪ್ಪೆಂದು ಅವಳಿಗೆ ಹೊಳೆದದ್ದು ಎಲ್ಲರೂ ಹೋದ ಮೇಲೆ.

ಸಂಜೆ ಸೇತುರಾಮರ ಫೋನ್ ಬಂತು. ಆಪರೇಶನ್ ಚೆನ್ನಾಗಿ ಆಯಿತೆಂದರು. "ಎಷ್ಟು ಜನ ಬಂದಿದ್ರು?" ಎಂದು ಕೇಳಿದರು.

"ಆರೂ ಜನ ಬಂದಿದ್ರು ಸಾರ್. ಒಂದು ಕಡೆ ನಾನು ತಪ್ಪು ಹೇಳಿಕೊಟ್ಟೆ." ಯಾವುದೆಂದು ವಿವರಿಸಿದಳು. ಹೇಳದೆ ಬಿಟ್ಟಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಫೋನಿನಲ್ಲಿ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಹಾಗಾದ್ರೆ ಮುಂದಿನ ಭಾನುವಾರ ಬಂದು ನೀವೇ ತಿದ್ದಿ," ಎಂದರು.